ಗೋಡೆ ಮೇಲಿನ ಹಳದಿ ಕೂದಲಿನ ಹುಡುಗ: ತೀರ್ಥಹಳ್ಳಿ ಕಡೆಯ ಅಕ್ಕನಿಗೆ ಉತ್ತರ

ಅಕ್ಕಾ, ಹೆಸ್ರು ಹಾಕ್ಬೇಡಿ ಅಂದಿದೀರಿ, ಹಾಕಲ್ಲ, ತೀರ್ಥಹಳ್ಳಿ ಕಡೆಯವ್ರು ಅಂತಷ್ಟೇ ಇರ್ಲಿ. ಉಳಿದ ಓದುಗರಿಗೆ ವಿಷ್ಯ ತಿಳೀಬೇಕಲ್ಲ, ಅದ್ಕೆ ನಿಮ್ಮ ಕಾಗದದ ಸಾರ ಹೇಳ್ಬಿಡ್ತೀನಿ. ಇವ್ರ ಮಗ ಸೆಕೆಂಡ್ ಪಿಯುಸಿ, ಎಡಗೈ ಹುಡ್ಗ. ಸಂಘದಲ್ಲಿ ಸಾಲ ಎತ್ತಿ ಶಿವಮೊಗ್ಗದಿಂದ ಅವ್ನಿಗೊಂದು ಗಿಟಾರ್ ತಂದ್ಕೊಟ್ಟಿದಾರೆ, ಅಂಗಡಿಯವ್ರು ಎಡಗೈಗೆ ಆಗ್ಲಿ ಅಂತ ತಂತಿ ಉಲ್ಟಾ ಹಾಕಿ ಕೊಟ್ರಂತೆ, ಈಗ ಕೆಳಗಿನ ತಂತಿ ಮುಟ್ಟಿದ್ರೆ ಜರ್ರ್ ಅನ್ನತ್ತಂತೆ. ಅದು ಬಿಡಿ, ಪರೀಕ್ಷೆ ಮುಗಿದ್ಮೇಲೆ ಬೆಂಗಳೂರಿಗೆ ಹೋಗಿ ಬ್ಯಾಂಡ್ ಕಟ್ತೀನಿ ಅಂತ ಕೂತಿದಾನೆ, ಅಪ್ಪ ಮಗ ಮಾತು ಬಿಟ್ಟಿದಾರೆ. ಇದ್ರ ಮೇಲೆ ಅವನ ಕೋಣೆ ಗೋಡೇಲಿ ಉದ್ದ ಹಳದಿ ಕೂದಲಿನ ಒಬ್ಬನ ಪೋಸ್ಟರು, ಯಾರಪ್ಪಾ ಇದು ಅಂತ ಇವ್ರು ಮೊಬೈಲಲ್ಲಿ ಹುಡುಕಿದ್ರೆ ತನ್ನ ಜೀವ ತಾನೇ ತೆಗೊಂಡೋನು ಅಂತ ಬಂತಂತೆ, ಅವತ್ತಿಂದ ನಿದ್ದೆ ಇಲ್ಲ. "ಇದು ನಮ್ಮಂಥ ಊರಿನ ಮಕ್ಳಿಗೆ ಆಗೋ ವಿದ್ಯೆನಾ ಸಾರ್, ಸರಿಯಾಗಿ ಹೇಳಿ" ಅಂತ ಕೊನೇಲಿ ಬರ್ದಿದೀರಿ.

ಪೋಸ್ಟರಿನಲ್ಲಿರೋನು ಕರ್ಟ್ ಕೋಬೇನ್, ನಿರ್ವಾಣ ಅನ್ನೋ ಅಮೆರಿಕದ ರಾಕ್ ಬ್ಯಾಂಡಿನ ಹಾಡುಗಾರ, ಗಿಟಾರಿನವ್ನೂ ಅವ್ನೇ. ಮೊಬೈಲ್ ಅಂದ್ರೆ ಹಂಗೇ ಅಕ್ಕಾ, ಹೆಸ್ರು ಕೇಳಿದ್ರೆ ಮನೆಗೆ ಕರ್ಕೊಂಡ್ ಹೋಗಲ್ಲ, ಸೀದಾ ಸ್ಮಶಾನಕ್ಕೆ ಕರ್ಕೊಂಡ್ ಹೋಗಿ ನಿಲ್ಸತ್ತೆ. ನಾನು ಮನೆ ಕಡೆಯಿಂದ ಹೇಳ್ತೀನಿ, ಸಾವಿನ ಮಾತೂ ಆಡ್ತೀನಿ, ತಪ್ಪಿಸ್ಕೊಳಲ್ಲ.

ಹುಟ್ಟಿದ್ದು 1967ರ ಫೆಬ್ರವರಿ 20, ಅಮೆರಿಕದ ವಾಷಿಂಗ್ಟನ್ ರಾಜ್ಯದ ಆಬರ್ಡೀನ್ ಅನ್ನೋ ಊರಲ್ಲಿ. ಟಿವೀಲಿ ತೋರ್ಸೋ ರಾಜಧಾನಿ ವಾಷಿಂಗ್ಟನ್ ಬೇರೆ, ಅದು ಆ ದೇಶದ ಇನ್ನೊಂದು ತುದಿ. ಈ ಆಬರ್ಡೀನಿಗೆ 20 ಸಾವಿರ ಜನಾನೂ ಇಲ್ಲ, ಮಳೆ ಅಂದ್ರೆ ಮಳೆ, ಸುತ್ತ ಕಾಡು, ಊರಿಗೆ ಅನ್ನ ಹಾಕ್ತಿದ್ದಿದ್ದೇ ನಾಟಾ ಮತ್ತು ಸಾಮಿಲ್ಲು. ಇವ್ನು ದೊಡ್ಡೋನಾಗೋ ಹೊತ್ತಿಗೆ ಮರದ ಕೆಲ್ಸ ಕಮ್ಮಿ ಆಗ್ತಾ ಊರು ಸೊರಗ್ತಿತ್ತು, ಮಿಲ್ ನಿಂತ ಮೇಲೆ ಊರು ಹೆಂಗಿರತ್ತೆ ಅಂತ ನಮ್ಮ ಭದ್ರಾವತಿ ಪೇಪರ್ ಟೌನಿನವ್ರಿಗೆ ನಾನು ಬಿಡ್ಸಿ ಹೇಳೋದು ಬೇಡ. ಅಪ್ಪ ಮೆಕ್ಯಾನಿಕ್. ಹುಡ್ಗಂಗೆ ಒಂಬತ್ತು ವರ್ಷ ಇದ್ದಾಗ ಅಪ್ಪ ಅಮ್ಮ ಡೈವೋರ್ಸ್ ತಗೊಂಡ್ರು, ಆಮೇಲೆ ಒಂದಷ್ಟು ದಿನ ಅಪ್ಪನ ಮನೆ, ಒಂದಷ್ಟು ದಿನ ಅಮ್ಮನ ಮನೆ, ಆಮೇಲೆ ನೆಂಟರ ಮನೆ ಅಂತ ಬಟ್ಟೆ ಚೀಲ ಹಿಡ್ಕೊಂಡು ತಿರುಗಿದ್ದೇ ಆಯ್ತು.

ಈಗ ಇಲ್ಲಿ ಸ್ವಲ್ಪ ನಿಧಾನ ಓದಿ, ಯಾಕಂದ್ರೆ ನಿಮ್ಮ ಪ್ರಶ್ನೆಗೆ ಉತ್ತರ ಇರೋದೇ ಇಲ್ಲಿ. ಸಣ್ಣ ಊರಿನ ಮಣ್ಣಿನ ಗುಣ, ಮಳೆ ಸದ್ದಿನಿಂದ ಸಂಗೀತ ಬಂತು, ಅಂತೆಲ್ಲ ಬರಿಯೋರು ಇದಾರೆ, ನಂಗೆ ಅದ್ರಲ್ಲಿ ನಂಬಿಕೆ ಇಲ್ಲ. ಮಳೆಯಿಂದ ರಾಕ್ ಹುಟ್ಟೋದಾಗಿದ್ರೆ ಆಗುಂಬೇಲಿ ಮನೆಗೊಂದು ಬ್ಯಾಂಡ್ ಇರ್ತಿತ್ತು! ಆ ಹುಡ್ಗನ್ನ ಊರು ಬೆಳೆಸ್ಲಿಲ್ಲ, ಬೆಳ್ಸಿದ್ದು ಒಂದೈದಾರು ಜನ. ಅಮ್ಮನ ತಂಗಿ ಮೇರಿ, ಅವ್ರು ಸ್ವತಃ ಹಾಡೋರು, ಬೀಟಲ್ಸ್ ರೆಕಾರ್ಡು ಕೊಟ್ಟು ಕಿವಿ ಬೆಳೆಸಿದ್ರು. ಸೋದರಮಾವ ಚಕ್, ಅವ್ರದ್ದೂ ಒಂದು ಬ್ಯಾಂಡ್ ಇತ್ತು, ಹುಡ್ಗನ ಹದಿನಾಲ್ಕನೇ ಬರ್ತ್‌ಡೇಗೆ ಸೈಕಲ್ ಬೇಕಾ ಗಿಟಾರ್ ಬೇಕಾ ಅಂತ ಕೇಳಿದ್ರು, ಇವ್ನು ಗಿಟಾರ್ ಅಂದ. ಹೊಸದೇನಲ್ಲ, ಸೆಕೆಂಡ್ ಹ್ಯಾಂಡ್. ಮಾವನ ಬ್ಯಾಂಡಿನವ್ರೊಬ್ರು ಕೆಲವು ತಿಂಗ್ಳು ಹೇಳ್ಕೊಟ್ರು, ಕ್ಲಾಸು ಅಂತ ಆಗಿದ್ದು ಅಷ್ಟೇ.

1982ರ ಕೊನೆಗೆ, ಇವ್ನಿಗೆ ಹದಿನೈದು, ಆ ರಾಜ್ಯದ ದೊಡ್ಡ ಪಟ್ಟಣ ಸಿಯಾಟಲ್ ಹತ್ರ ಇದ್ದ ಚಿಕ್ಕಮ್ಮ ಮೇರಿ ಮನೇಲಿ ಮೊದಲ ಸಲ ತನ್ನ ಹಾಡು ಟೇಪ್ ಮಾಡ್ದ. ಚಿಕ್ಕಮ್ಮನ ಹತ್ರ ನಾಲ್ಕು ಟ್ರ್ಯಾಕಿನ ರೆಕಾರ್ಡರ್ ಇತ್ತು, ಅಂದ್ರೆ ನಾಲ್ಕು ಸದ್ದು ಬೇರೆ ಬೇರೆ ತುಂಬ್ಸಿ ಕೂಡ್ಸೋದು, ಡ್ರಮ್ಸ್ ಇರ್ಲಿಲ್ಲ. ಇವ್ನು ಏನ್ ಮಾಡ್ದ ಅಂದ್ರೆ ಖಾಲಿ ಸೂಟ್‌ಕೇಸ್ ಇಟ್ಕೊಂಡು ಮರದ ಚಮಚದಲ್ಲಿ ಬಡಿದ, ಅದೇ ಡ್ರಮ್ಸು. ನಿಮ್ಮ ಮಗ ಅಡುಗೆಮನೆ ಡಬ್ಬ ಬಡೀತಾನೆ, ತಲೆ ಸಿಡಿಯತ್ತೆ ಅಂತ ಬರ್ದಿದೀರಲ್ಲ, ಅದ್ಕೆ ಇದನ್ನ ಹೇಳ್ದೆ.

ಆಮೇಲೆ ಬಜ್ ಆಸ್ಬೋರ್ನ್ ಅಂತ ಒಬ್ಬ, ಪಕ್ಕದ ಮಾಂಟೆಸಾನೋ ಊರಿನವ್ನು, ಇವನಿಗಿಂತ ಸ್ವಲ್ಪ ದೊಡ್ಡೋನು, ಥ್ರಿಫ್ಟ್‌ವೇ ಅಂತ ಒಂದು ದಿನಸಿ ಅಂಗಡೀಲಿ ಕೆಲ್ಸಕ್ಕಿದ್ದ. ಅವ್ನು ಪಂಕ್ ಅನ್ನೋ ಒರಟು ಜೋರು ರಾಕ್ ಹಾಡುಗಳನ್ನ ಕ್ಯಾಸೆಟ್ಟಿಗೆ ತುಂಬ್ಸಿ ಇವ್ನ ಕೈಗೆ ಕೊಟ್ಟ. ಅಷ್ಟೇ ಅಲ್ಲ, 1983ರ ಬೇಸಿಗೇಲಿ ಆ ಅಂಗಡಿ ಹಿಂದಿನ ಪಾರ್ಕಿಂಗ್ ಜಾಗದಲ್ಲೇ ಅವನ ಮೆಲ್ವಿನ್ಸ್ ಬ್ಯಾಂಡು ಪುಕ್ಕಟೆ ಬಾರಿಸ್ತು. ನಾನು ಹುಡುಕ್ತಾ ಇದ್ದಿದ್ದು ಇದನ್ನೇ ಅಂತ ಕೋಬೇನ್ ಆಮೇಲೆ ತನ್ನ ಡೈರೀಲಿ ಬರ್ಕೊಂಡಿದಾನೆ. ದೊಡ್ಡ ಸ್ಟೇಜಿಲ್ಲ, ಲೈಟಿಲ್ಲ, ದಿನಸಿ ಅಂಗಡಿ ಹಿತ್ಲು.

ಇನ್ನೊಬ್ಬ ಕ್ರಿಸ್ಟ್ ನೊವೊಸೆಲಿಕ್, ಬೇಸ್ ಗಿಟಾರಿನವ್ನು, ಕ್ರೊಯೇಷಿಯಾದಿಂದ ಬಂದ ಕುಟುಂಬ. ಇವ್ನ ಕಥೆ ನಂಗೆ ಇಷ್ಟ. ಕೋಬೇನ್ ಮನೇಲಿ ಮಾಡ್ಕೊಂಡ ಒಂದು ಟೇಪ್ ಇವ್ನಿಗೆ ಕೊಟ್ಟು ಬ್ಯಾಂಡ್ ಮಾಡೋಣ ಬಾ ಅಂದ್ರೆ ಈ ಪುಣ್ಯಾತ್ಮ ಬಹಳ ಕಾಲ ಅದನ್ನ ಕೇಳ್ಲೇ ಇಲ್ಲ, ಎಲ್ಲೋ ಬಿದ್ದಿತ್ತು, ಕೊನೆಗೊಂದಿನ ಕೇಳಿ, ಅರೆ ಚೆನ್ನಾಗಿದ್ಯಲ್ಲೋ ಅಂತ ಒಪ್ಕೊಂಡ. ಪ್ರಾಕ್ಟೀಸ್ ಎಲ್ಲಿ ಅಂದ್ರೆ ಅವ್ನ ಅಮ್ಮ ಒಂದು ಬ್ಯೂಟಿ ಪಾರ್ಲರ್ ಇಟ್ಕೊಂಡಿದ್ರು, ಅದ್ರ ಮಹಡಿ ಮೇಲೆ. ಕೆಳಗೆ ಕೂದ್ಲು ಕಟಿಂಗು, ಮೇಲೆ ಗಿಟಾರ್ ಕಿರುಚಾಟ. ಆ ಅಮ್ಮ ಮಹಡಿ ಬಿಟ್ಕೊಡ್ದೇ ಇದ್ದಿದ್ರೆ ಕಥೆ ಏನಾಗ್ತಿತ್ತೋ.

ಆಮೇಲಿಂದು ಬೇಗ ಹೇಳ್ತೀನಿ. 1987ರಲ್ಲಿ ಇವ್ರ ಮೊದಲ ಶೋ, ರೇಮಂಡ್ ಅನ್ನೋ ಇನ್ನೂ ಸಣ್ಣ ಊರಲ್ಲಿ ಯಾರದ್ದೋ ಮನೆ ಪಾರ್ಟಿ. ಕೋಬೇನ್ ನೆಲ ಗುಡ್ಸೋ ಒರ್ಸೋ ಕೆಲ್ಸ ಮಾಡಿ ದುಡ್ಡು ಸೇರ್ಸಿ 1988ರ ಜನವರೀಲಿ ಸಿಯಾಟಲ್ಲಿನ ಸ್ಟುಡಿಯೋಗೆ ಹೋಗಿ ಒಂದೇ ಮಧ್ಯಾಹ್ನದಲ್ಲಿ ಹತ್ತು ಹಾಡು ರೆಕಾರ್ಡ್ ಮಾಡ್ಕೊಂಡ್ ಬಂದ, ಬಿಲ್ಲು 152 ಡಾಲರ್ ಚಿಲ್ರೆ, ಡ್ರಮ್ಸಿಗೆ ಮೆಲ್ವಿನ್ಸ್ ಹುಡುಗನ್ನೇ ಕರ್ಕೊಂಡ್ ಹೋಗಿದ್ದ. ಮೊದಲ ಆಲ್ಬಮ್ ಬ್ಲೀಚ್ 1989ರಲ್ಲಿ ಬಂತು, ಅದ್ರ ಖರ್ಚು 606 ಡಾಲರ್ 17 ಸೆಂಟ್. ಅಷ್ಟೂ ಇವ್ರ ಹತ್ರ ಇರ್ಲಿಲ್ಲ, ಜೇಸನ್ ಎವರ್‌ಮನ್ ಅನ್ನೋ ಗೆಳೆಯ ಕೊಟ್ಟ, ಅವ್ನು ಆ ಆಲ್ಬಮಲ್ಲಿ ಒಂದು ತಂತೀನೂ ಮೀಟಿಲ್ಲ ಆದ್ರೂ ಕವರ್ ಮೇಲೆ ಗಿಟಾರ್ ಅಂತ ಅವನ ಹೆಸ್ರಿದೆ. 1991ರ ಸೆಪ್ಟೆಂಬರಿಗೆ ನೆವರ್‌ಮೈಂಡ್ ಬಂತು, 1992ರ ಜನವರೀಲಿ ಅದು ಮೈಕಲ್ ಜಾಕ್ಸನ್ನನ ಆಲ್ಬಮನ್ನ ಕೆಳಗಿಳಿಸಿ ಅಮೆರಿಕದ ಪಟ್ಟೀಲಿ ಮೊದಲ್ನೇ ಜಾಗಕ್ಕೆ ಕೂತ್ಕೊಳ್ತು.

ಸರಿ, ಅಮೆರಿಕದ ಮಾತು ನಮ್ಗ್ಯಾಕೆ ಅಂತ ಯಜಮಾನ್ರು ಕೇಳ್ತಾರೆ ಅಂತ ಗೊತ್ತು. ಅವ್ರಿಗೆ ಹೆಗ್ಗೋಡು ನೆನಪು ಮಾಡಿ. ಅದೇ 1991ರಲ್ಲಿ ಕೆ.ವಿ. ಸುಬ್ಬಣ್ಣನವ್ರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು, ಸಾಗರ ತಾಲೂಕಿನ ಆ ಅಡಿಕೆ ತೋಟದ ಹಳ್ಳೀಲಿ 1949ರಲ್ಲಿ ಶುರುವಾದ ನೀನಾಸಮ್ ನಾಟಕ ಸಂಘಕ್ಕೆ ಸಿಕ್ಕಿದ್ದು ಅಂತ್ಲೇ ಅನ್ಕೋಬಹುದು. ಅಲ್ಲೂ ಅಷ್ಟೇ, ಊರಿಗೆ ಏನೋ ಶಕ್ತಿ ಇತ್ತು ಅಂತಲ್ಲ, ಒಂದಷ್ಟು ಜನ ದಿನಾ ಸಂಜೆ ಒಂದ್ಕಡೆ ಸೇರ್ತಿದ್ರು. ಶಿವಮೊಗ್ಗ ಸುಬ್ಬಣ್ಣನವ್ರು ಹೊಸನಗರ ತಾಲೂಕು ನಗರದವ್ರು, ಲಾಯರ್ ಕೆಲ್ಸ ಮಾಡ್ಕೊಂಡೇ ಹಾಡಿ ರಾಷ್ಟ್ರ ಪ್ರಶಸ್ತಿ ತಂದ್ರು, ಕನ್ನಡದ ಹಿನ್ನೆಲೆ ಗಾಯಕರಲ್ಲಿ ಅದು ಮೊದಲು ಬಂದಿದ್ದು ಅವ್ರಿಗೆ. ನಿಮ್ಮದೇ ತಾಲೂಕಿನ ಗಿರೀಶ್ ಕಾಸರವಳ್ಳಿಯವ್ರು ಮಣಿಪಾಲದಲ್ಲಿ ಬಿ.ಫಾರ್ಮಾ ಓದಿ ಆಮೇಲೆ ಪುಣೆಗೆ ಸಿನಿಮಾ ಕಲಿಯೋಕೆ ಹೋದ್ರು. ಅಂದ್ರೆ ಡಿಗ್ರಿ ಮಾಡಿದ್ರೆ ಕಲೆ ಸತ್ತೋಗತ್ತೆ ಅಂತ ನಿಮ್ಮ ಮಗ ವಾದ ಮಾಡಿದ್ರೆ ಈ ಎರಡು ಹೆಸ್ರು ಅವನ ಮುಂದಿಡಿ, ಯಜಮಾನ್ರು ಹಾಡು ಅಂದ್ರೆ ಹೊಟ್ಟೆಗಿಲ್ಲ ಅಂತ ವಾದ ಮಾಡಿದ್ರೂ ಇದೇ ಎರಡು ಹೆಸ್ರು ನಡಿಯತ್ತೆ.

ಬೆಂಗಳೂರಿನ ವಿಚಾರ. ನಂಗೆ ಕೇಳಿದ್ರೆ ಈಗ್ಲೇ ಬೇಡ. ಅಲ್ಲಿ ಪಿಜಿ ಬಾಡಿಗೆ, ಬ್ಯಾಂಡಿನವ್ರು ಪ್ರಾಕ್ಟೀಸ್ ಮಾಡೋ ಜಾಮ್ ರೂಮಿಗೆ ಗಂಟೆ ಲೆಕ್ಕದಲ್ಲಿ ಬಾಡಿಗೆ, ಗೊತ್ತಿಲ್ದೇ ಇರೋರ ನಡುವೆ ಒಬ್ಬನೇ. ಕೋಬೇನ್ ಕೂಡ ಮೊದ್ಲು ಸಿಯಾಟಲ್ಲಿಗೆ ಓಡ್ಲಿಲ್ಲ, 1987ರಲ್ಲಿ ಹತ್ತಿರದ ಒಲಿಂಪಿಯಾಗೆ ಹೋದ, ಅದೊಂದು ಕಾಲೇಜು ಊರು, ಕಾಲೇಜಿನವ್ರ ರೇಡಿಯೋ ಇತ್ತು, ಅಲ್ಲಿ ಹಾಡಿ ನಾಕು ಜನಕ್ಕೆ ಪರಿಚಯ ಆದ. ನಿಮ್ಮ ಹುಡ್ಗಂಗೆ ಅಂಥ ಊರು ಶಿವಮೊಗ್ಗನೇ. ಡಿಗ್ರಿಗೆ ಇಲ್ಲಿ ಸೇರ್ಲಿ, ಇಲ್ಲಿ ಕಾಲೇಜ್ ಡೇ ಇರತ್ತೆ, ಗಣಪತಿ ಪೆಂಡಾಲಿನ ಆರ್ಕೆಸ್ಟ್ರಾ ಇರತ್ತೆ, ಆರ್ಕೆಸ್ಟ್ರಾದಲ್ಲಿ ಬಾರ್ಸೋದು ಕೀಳು ಅಂತ ರಾಕ್ ಹುಡುಗ್ರಿಗೆ ಒಂದು ಕೊಬ್ಬಿರತ್ತೆ, ಅದನ್ನ ಬಿಡ್ಲಿ, ರಾತ್ರಿ ಇಡೀ ಯಾರ ಹಾಡಿಗೆ ಬೇಕಾದ್ರೂ ಬಾರ್ಸಿದ್ರೆ ಕೈ ತನ್ನಷ್ಟಕ್ಕೇ ಕೂರತ್ತೆ. ಅದ್ಕಿಂತ ಮುಂಚೆ ಊರಲ್ಲೇ ಇನ್ನಿಬ್ರು ಸಿಗ್ಬೇಕು. ಡ್ರಮ್ಮರ್ ಇಲ್ಲ ಅಂತಾನಂತೆ. ಯಕ್ಷಗಾನದ ಚಂಡೆ ಬಾರ್ಸೋ ಹುಡುಗ್ರು ನಿಮ್ಮ ಸೀಮೇಲಿ ಇಲ್ಲದೇ ಇರ್ತಾರಾ, ಒಬ್ಬನ್ನ ಹಿಡೀಲಿ, ಹುಷಾರಾಗಿ ಕೇಳ್ಲಿ, ಮೊದಲ ದಿನವೇ ಅವನು ಇವನಿಗೆ ತಾಳ ಕಲಿಸ್ತಾನೆ. ಜಾಗಕ್ಕೆ ಅಡಿಕೆ ಸುಲಿಯೋ ಕೊಟ್ಟಿಗೆ ಇದ್ಯಲ್ಲ, ಕೊಯ್ಲು ಮುಗಿದ್ಮೇಲೆ ಖಾಲಿನೇ ಬಿದ್ದಿರತ್ತೆ. ಮಳೆಗಾಲದಲ್ಲಿ ರಾತ್ರಿ ಬೆಳಗಾನ ತಾಳಮದ್ದಳೆ ಕೇಳೋ ನೆರೆಹೊರೆಗೆ ಸಂಜೆ ಎರಡು ಗಂಟೆ ಗಿಟಾರು ಗಲಾಟೆ ಅನ್ಸಬಾರ್ದು, ಅನ್ಸಿದ್ರೂ ನಾಕು ದಿನ ಬೈತಾರೆ.

ಇನ್ನು ಸಾವು. 1994ರ ಏಪ್ರಿಲ್ 5, ಅವನಿಗೆ 27. ಹೆರಾಯಿನ್ ಚಟ ಇತ್ತು, ವರ್ಷಗಟ್ಲೆ ಬಿಡದ ಹೊಟ್ಟೆನೋವಿತ್ತು, ಖಿನ್ನತೆ ಇತ್ತು. ಗಿಟಾರ್ ಹಿಡಿದಿದ್ದಕ್ಕೆ ಹಿಂಗಾಯ್ತು ಅಂತ ನೀವು ಕೂಡಿಸ್ಕೊಳ್ತಿದೀರಿ, ಆದ್ರೆ ಅವನ ಸುತ್ತ ಇದ್ದೋರ್ನ ನೋಡಿ. ಕ್ಯಾಸೆಟ್ ಕೊಟ್ಟ ಬಜ್ ಆಸ್ಬೋರ್ನ್ ಇವತ್ತಿಗೂ ಮೆಲ್ವಿನ್ಸ್ ನಡೆಸ್ಕೊಂಡು ಊರೂರು ತಿರುಗ್ತಾನೆ, ನಲವತ್ತು ವರ್ಷ ದಾಟ್ತು. ನೊವೊಸೆಲಿಕ್ ಹಳ್ಳೀಲಿ ಮನೆ ಮಾಡ್ಕೊಂಡು ಚುನಾವಣೆ ಸುಧಾರಣೆ ಅಂತ ಓಡಾಡ್ದ. 1990ರಲ್ಲಿ ಬ್ಯಾಂಡ್ ಸೇರಿದ ಡ್ರಮ್ಮರ್ ಡೇವ್ ಗ್ರೋಲ್ ಫೂ ಫೈಟರ್ಸ್ ಕಟ್ಟಿ ಸ್ಟೇಡಿಯಂ ತುಂಬಿಸ್ತಾನೆ. ಎಲ್ಲಾ ಅದೇ ಗಲಾಟೆ ಸಂಗೀತದವ್ರೇ. ಪೋಸ್ಟರ್ ಮಾತ್ರ ಒಬ್ಬನದ್ದು ಮಾರಾಟ ಆಗತ್ತೆ. ಪೋಸ್ಟರ್ ಕಿತ್ತು ಹಾಕ್ಬೇಡಿ, ಕಿತ್ರೆ ಅವನು ಎದೆ ಮೇಲೆ ಟೀ ಶರ್ಟ್ ಮಾಡ್ಕೊಂಡು ಬರ್ತಾನೆ. ಬದಲಿಗೆ ಊಟಕ್ಕೆ ಕೂತಾಗ, ಇವ್ನು ಯಾಕಪ್ಪ ಹಿಂಗ್ ಮಾಡ್ಕೊಂಡ, ಅಂತ ನೀವೇ ಕೇಳಿ, ನೇರವಾಗಿ ಕೇಳಿ. ಅವ್ನು ಎರಡು ಮಾತು ಹೇಳಿದ್ರೆ ನಿಮ್ಮ ಅರ್ಧ ಭಯ ಹೋಗತ್ತೆ. ಒಂದ್ವೇಳೆ ಹುಡ್ಗ ಊಟ ನಿದ್ದೆ ಬಿಟ್ಟು, ಗಿಟಾರನ್ನೂ ಮುಟ್ದೆ, ಮಂಕಾಗಿ ಕೂತಿದಾನೆ ಅಂತ ಅನ್ಸಿದ್ರೆ ಟೆಲಿ ಮಾನಸ್ ಅಂತ ಸರ್ಕಾರದ್ದೇ ಫೋನ್ ಸೇವೆ ಇದೆ, 14416, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ಬಹುದು, ಅವ್ನೂ ಮಾಡ್ಬಹುದು ನೀವೂ ಮಾಡ್ಬಹುದು. ಅಪ್ಪ ಮಗ ಮಾತು ಬಿಟ್ಟಿರೋದು ನಂಗೆ ಪೋಸ್ಟರಿಗಿಂತ ಜಾಸ್ತಿ ಚಿಂತೆ ಅನ್ಸ್ತು, ಅದನ್ನ ಮೊದ್ಲು ನೋಡಿ.

ಕೊನೆಗೆ ಆ ಜರ್ರ್ ಅನ್ನೋ ತಂತಿ. ಕೋಬೇನ್ ಕೂಡ ಎಡಗೈಯಲ್ಲೇ ಬಾರಿಸ್ತಿದ್ದೋನು, ಬಲಗೈಯವ್ರ ಗಿಟಾರನ್ನ ತಿರುಗಿಸಿ ಬಾರ್ಸಿದ್ದೂ ಇದೆ, ಹಾಗಾಗಿ ಹುಡ್ಗಂಗೆ ಬಲಗೈ ಅಭ್ಯಾಸ ಮಾಡು ಅಂತ ಒತ್ತಾಯ ಬೇಡ. ಆದ್ರೆ ತಂತಿ ಮಾತ್ರ ಉಲ್ಟಾ ಮಾಡಿದ್ರೆ ಸಾಲ್ದು. ಗಿಟಾರ್ ಕತ್ತಿನ ತುದೀಲಿ, ಕಿವಿ ತಿರುಗಿಸೋ ಜಾಗದ ಕೆಳಗೆ, ಬಿಳೀದೊಂದು ಸಣ್ಣ ಪಟ್ಟಿ ಇರತ್ತೆ, ಅದ್ಕೆ ನಟ್ ಅಂತಾರೆ. ಅದ್ರಲ್ಲಿ ಆರು ಗೀರು, ದಪ್ಪ ತಂತಿಗೆ ಅಗಲ ಗೀರು, ಸಣ್ಣ ತಂತಿಗೆ ಸಣ್ಣ ಗೀರು. ಉಲ್ಟಾ ಹಾಕಿದಾಗ ಸಣ್ಣ ತಂತಿ ಅಗಲ ಗೀರಿನಲ್ಲಿ ಕೂತು ಒದ್ದಾಡತ್ತೆ, ಅದೇ ಜರ್ರ್. ದಪ್ಪ ತಂತಿ ಸಣ್ಣ ಗೀರಿಗೆ ಇಳಿಯದೆ ಮೇಲೇ ನಿಂತಿರತ್ತೆ, ಹುಡ್ಗನ ಬೆರಳು ನೋಯ್ತಿದ್ರೆ ಅದ್ಕೇ. ಎಡಗೈಗೆ ಹೊಂದೋ ನಟ್ ಹಾಕ್ಸಿ, ದೊಡ್ಡ ಖರ್ಚಲ್ಲ, ಗಿಟಾರ್ ರಿಪೇರಿ ಗೊತ್ತಿರೋರ ಹತ್ರನೇ ಹಾಕ್ಸಿ. ಮತ್ತೆ ಜೂನ್ ಬರೋ ಮುಂಚೆ ಒಂದು ಮಾತು: ಥಂಡಿ ಹಿಡಿಯತ್ತೆ ಅಂತ ಒಲೆ ಮೇಲಿನ ಅಟ್ಟಕ್ಕೆ ಏರಿಸ್ಬೇಡಿ, ಉಳಿದ ಸಾಮಾನಿಗೆ ಅದು ಸರಿ, ಗಿಟಾರ್ ಹಲಗೆ ತೀರಾ ಒಣಗಿದ್ರೆ ಬಿರುಕು ಬಿಡತ್ತೆ. ಬಾರಿಸಿ ಆದ್ಮೇಲೆ ಒಣ ಬಟ್ಟೇಲಿ ತಂತಿ ಒರೆಸಿ ಚೀಲದೊಳಗಿಡ್ಲಿ, ಹೊಸ ಚಪ್ಪಲಿ ಡಬ್ಬಿ ಒಳಗೆ ಬರೋ ಸಿಲಿಕಾ ಜೆಲ್ ಪೊಟ್ಟಣ ಎರಡು ಹಾಕ್ಲಿ, ಆದ್ರೂ ನಮ್ಮ ಮಳೆಗೆ ತಂತಿ ತುಕ್ಕು ಹಿಡಿದೇ ಹಿಡಿಯತ್ತೆ, ಒಂದು ಸೆಟ್ ಜಾಸ್ತಿ ತಂದಿಟ್ಕೊಂಡಿರಿ.

ನಟ್ ಹಾಕ್ಸೋಕೆ ಶಿವಮೊಗ್ಗಕ್ಕೆ ಬಂದಾಗ ಮಧ್ಯಾಹ್ನದ ಮೇಲೆ ಅವನನ್ನ ಆಫೀಸಿಗೆ ಕಳಿಸಿ. ನನ್ನ ಹತ್ರ ಒಂದು ಪೆಟ್ಟಿಗೆ ಹಳೇ ಕ್ಯಾಸೆಟ್ ಇದಾವೆ, ವಾಪಸ್ ಕೊಡೋ ಷರತ್ತಿನ ಮೇಲೆ ಕೊಡ್ತೀನಿ, ಪ್ಲೇಯರ್ ಮಾತ್ರ ಅವ್ನೇ ಹುಡುಕ್ಕೋಬೇಕು.

ಸಂ.