ಕಾಳಿ ನದಿಯಲ್ಲಿ ಕಯಾಕಿಂಗ್: ಈಜು ಬರದವರು ಹೋಗಬಹುದಾ? ಮೊಸಳೆ ಇವೆಯಂತೆ, ನಿಜವಾ?

ಹೋಗಬಹುದು. ಲೈಫ್ ಜಾಕೆಟ್ ಸರಿಯಾಗಿ ಬಿಗಿದಿದ್ದರೆ, ಗೈಡ್ ಜೊತೆಗಿದ್ದರೆ ಈಜು ಬರದವರಿಗೂ ಶಾಂತ ನೀರಿನಲ್ಲಿ ತೊಂದರೆ ಇಲ್ಲ. ನಾನು ಹುಬ್ಬಳ್ಳಿಯವನು, ರಜೆ ಸಿಕ್ಕರೆ ಆ ಕಡೆ ಹೊರಡುವುದು ರೂಢಿ.

ಬಾಯಿಮಾತಿಗೆ ದಾಂಡೇಲಿ ಅಂದರೂ, ದೋಣಿ ಇಳಿಸುವುದು ಹೆಚ್ಚಾಗಿ ಗಣೇಶಗುಡಿ ಕಡೆ, ಸೂಪಾ ಅಣೆಕಟ್ಟಿನ ಕೆಳಗೆ. ಮೊಸಳೆ ಇರುವುದು ನಿಜ. ಅವು ಜಾಸ್ತಿ ಕಾಣುವುದು ಇನ್ನೂ ಕೆಳಗೆ, ದಾಂಡೇಲಿ ಊರಿನ ಆಸುಪಾಸು. ಅಲ್ಲಿ ನೀರು ನಿಧಾನ, ಬಿಸಿಲು ಕಾಯಲು ದಂಡೆ ಇದೆ. ದಾಳಿಗೆ ಸಿಕ್ಕಿ ಜೀವ ಹೋದದ್ದೂ ಉಂಟು. ಹಾಗಾಗಿ ಆ ಭಾಗದಲ್ಲಿ ಸುಮ್ನೆ ಕಾಲು ತೊಳೆಯೋಣ ಅಂತಲೂ ಹೊಳೆಗೆ ಇಳಿಯಬೇಡಿ. ಮೇಲಿನ ಭಾಗದಲ್ಲೂ ಗೈಡ್ ಬೇಡ ಅಂದ ಕಡೆ ಬೇಡ.

ನನ್ನ ಪ್ರಕಾರ ಮೊಸಳೆಗಿಂತ ನೀರಿನ ಬಗ್ಗೆ ಎಚ್ಚರ ಬೇಕು. ಇಲ್ಲಿ ಹೊಳೆ ಏರುವುದು ಮಳೆ ಬಂದಾಗ ಮಾತ್ರ ಅಲ್ಲ. ಸೂಪಾದಲ್ಲಿ ಕರೆಂಟ್ ಉತ್ಪಾದನೆಗೆ ನೀರು ಬಿಟ್ಟರೆ, ಒಣಗಿ ನಿಂತಿದ್ದ ಬಂಡೆ ನೋಡನೋಡುತ್ತ ಮುಳುಗುತ್ತದೆ. ತಿಳಿ ಆಕಾಶ ನೋಡಿ ಧೈರ್ಯ ಮಾಡುವ ಹಾಗಿಲ್ಲ. ನೀರು ಯಾವಾಗ ಬಿಡುತ್ತಾರೆ ಅನ್ನೋದು ಸ್ಥಳೀಯ ಗೈಡ್‌ಗಳಿಗೆ ಗೊತ್ತಿರುತ್ತದೆ. ಅವರಿಗೆ ಕೊಡುವ ದುಡ್ಡಿನ ಮುಕ್ಕಾಲು ಪಾಲು ಈ ತಿಳುವಳಿಕೆಗೇ ಅನ್ನಿ.

ಇನ್ನು ಪ್ರಾಣಿ-ಪಕ್ಷಿ. ಬೆಳಗಿನ ಮೊದಲ ಬ್ಯಾಚ್ ಕೇಳಿ. ರಾಫ್ಟ್‌ಗಳ ಕೂಗಾಟ ಶುರುವಾದ ಮೇಲೆ ಹೋದರೆ ಏನೂ ಸಿಗಲ್ಲ. ದಾಂಡೇಲಿ ಕಾಡಿನಲ್ಲಿ ನಾಲ್ಕು ಜಾತಿಯ ಮಂಗಟ್ಟೆ (ಹಾರ್ನ್‌ಬಿಲ್) ಹಕ್ಕಿಗಳಿವೆ. ದೊಡ್ಡ ಮಂಗಟ್ಟೆ ಹೊಳೆ ದಾಟುವಾಗ ಹಕ್ಕಿಗಿಂತ ಮೊದಲು ಸದ್ದು ಬರುತ್ತದೆ. ರೆಕ್ಕೆಗರಿಗಳ ಬುಡದಲ್ಲಿ ಮುಚ್ಚುವ ಗರಿ ಇಲ್ಲದ್ದರಿಂದ ಗಾಳಿ ಸಂದಿಯಲ್ಲಿ ನುಗ್ಗಿ ಭುಸ್ ಭುಸ್ ಅನ್ನುತ್ತದೆ. ಪ್ಯಾಡಲ್ ಎತ್ತಿ ತೊಡೆ ಮೇಲಿಟ್ಟು ಸುಮ್ಮನಿದ್ದರೆ ಚೆನ್ನಾಗಿ ಕೇಳಿಸುತ್ತದೆ. ಬೇಸಿಗೆಯಲ್ಲಿ ಒಂಟಿ ಗಂಡು ಕಂಡರೆ, ಹೆಣ್ಣು ಎಲ್ಲೋ ಮರದ ಪೊಟರೆಯೊಳಗೆ ಬಾಗಿಲು ಮೆತ್ತಿಕೊಂಡು ಕೂತಿದೆ ಅಂತ ಲೆಕ್ಕ. ಅದಕ್ಕೂ ಮರಿಗೂ ಹಣ್ಣು ಸಾಗಿಸುವ ಕೆಲಸ ಇವನದು.

ನೀರುನಾಯಿ ಅದೃಷ್ಟ ಇದ್ದರೆ. ಹಾವಕ್ಕಿ, ಮಿಂಚುಳ್ಳಿ, ಮರದ ಮೇಲೆ ಕೆಂಜಳಿಲು ಸಿಗುವ ಸಾಧ್ಯತೆ ಜಾಸ್ತಿ. ಹುಲಿ, ಕರಿಚಿರತೆ ಈ ಕಾಡಲ್ಲಿವೆ, ಆದರೆ ಕಯಾಕ್‌ನಿಂದ ನೋಡ್ತೀನಿ ಅಂತ ಹೊರಡಬೇಡಿ.

ಮಳೆಗಾಲ ಬೇಡ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯದು. ಬುಕ್ ಮಾಡುವಾಗ ಒಬ್ಬ ಗೈಡ್ ಎಷ್ಟು ಕಯಾಕ್ ನೋಡಿಕೊಳ್ಳುತ್ತಾನೆ ಅಂತ ಕೇಳಿ. ಮೂರು-ನಾಲ್ಕಕ್ಕಿಂತ ಜಾಸ್ತಿ ಅಂದರೆ ಬೇರೆಯವರನ್ನು ಹುಡುಕಿ. ಜೊತೆಯವರು ಕಿಚಾಯಿಸಿದರೂ ಪರವಾಗಿಲ್ಲ, ಈಜು ಬರಲ್ಲ ಅನ್ನೋದನ್ನ ನೀರಿಗಿಳಿಯುವ ಮೊದಲೇ ಗೈಡ್‌ಗೆ ಹೇಳಿಬಿಡಿ, ನಿಮ್ಮ ಪಕ್ಕದಲ್ಲೇ ಇರುತ್ತಾರೆ.