ಉತ್ತರ: ಹ್ಯಾಸ್ವೆಲ್ ಲ್ಯಾಪ್‌ಟಾಪ್‌ನಲ್ಲಿ ‘ಐಆರ್‌ಕ್ಯು ಲೂಪ್ ಸ್ಟಕ್’ ಬಂದರೆ

ಹಳೇ ಹ್ಯಾಸ್ವೆಲ್ (ಇಂಟೆಲ್‌ನ ಒಂದು ಪ್ರೊಸೆಸರ್ ಪೀಳಿಗೆ) ಲ್ಯಾಪ್‌ಟಾಪ್‌ನಲ್ಲಿ ಪರ್ಫ್ (ಪ್ರೋಗ್ರಾಂ ಎಲ್ಲಿ ಸಮಯ ಕಳೆಯುತ್ತದೆ ಅಂತ ಅಳೆಯುವ ಲಿನಕ್ಸ್ ಟೂಲ್) ಓಡಿಸಿದಾಗ ಕರ್ನಲ್ ಲಾಗ್‌ನಲ್ಲಿ ‘ಇಂಟರಪ್ಟ್ ಟುಕ್ ಟೂ ಲಾಂಗ್’, ‘ಐಆರ್‌ಕ್ಯು ಲೂಪ್ ಸ್ಟಕ್’ (ಐಆರ್‌ಕ್ಯು ಅಂದರೆ ಇಂಟರಪ್ಟ್) ಅಂತ ಎರಡು ಸಂದೇಶ ಬರುತ್ತಿವೆ ಎಂದಿದ್ದೀರಿ. ಲೂಪ್ ಮಿತಿ 100 ಇರುವುದನ್ನು 1000 ಮಾಡಿ ಕರ್ನಲ್ ಬಿಲ್ಡ್ ಮಾಡಲಾ ಅಂತ ಕೇಳಿದ್ದೀರಿ. ಬೇಡ. ಅದರಿಂದ ಬಗ್ ಹೋಗುವುದಿಲ್ಲ, ಹತ್ತು ಪಟ್ಟು ಜಾಸ್ತಿ ಹೊತ್ತು ಸುತ್ತುತ್ತದೆ ಅಷ್ಟೇ.

ಮೊದಲನೇ ಸಂದೇಶ ಒಂದೇ ಬಂದರೆ ತಲೆ ಕೆಡಿಸಿಕೊಳ್ಳಬೇಡಿ. ಡೀಫಾಲ್ಟ್ ಆಗಿ ಮಿತಿ ಸೆಕೆಂಡಿಗೆ 1,00,000 ಸ್ಯಾಂಪಲ್ (ಪ್ರೋಗ್ರಾಂ ಆಗ ಎಲ್ಲಿದೆ ಅನ್ನುವ ಒಂದೊಂದು ದಾಖಲೆ), ಅದಕ್ಕೆ ಸಿಪಿಯು ಸಮಯದ 25%. ಅಂದರೆ ಒಂದು ಸ್ಯಾಂಪಲ್‌ಗೆ 2500 ನ್ಯಾನೋಸೆಕೆಂಡ್. ಸರಾಸರಿ ಅದನ್ನು ದಾಟಿದರೆ ಕರ್ನಲ್ ತಾನೇ ಸ್ಯಾಂಪಲ್ ದರ ಇಳಿಸುತ್ತದೆ.

ಎರಡನೆಯದು ನಿಜವಾದ ತೊಂದರೆ. ಪ್ರೊಸೆಸರ್‌ನೊಳಗೆ ಇನ್‌ಸ್ಟ್ರಕ್ಷನ್, ಸೈಕಲ್ ಥರದ್ದನ್ನು ಲೆಕ್ಕ ಇಡುವ ಕೌಂಟರ್ ಮೇಲಕ್ಕೆ ಮಾತ್ರ ಎಣಿಸುತ್ತದೆ. 10,000 ಇನ್‌ಸ್ಟ್ರಕ್ಷನ್ ಆದ ಮೇಲೆ ಇಂಟರಪ್ಟ್ ಬೇಕಿದ್ದರೆ ಕರ್ನಲ್ ಅದರಲ್ಲಿ ಮೈನಸ್ 10,000 ಬರೆಯುತ್ತದೆ (ಈ 10,000ವೇ ಪೀರಿಯಡ್). ಸೊನ್ನೆ ಮುಟ್ಟಿದಾಗ ಸ್ಟೇಟಸ್ ರಿಜಿಸ್ಟರ್‌ನಲ್ಲಿ ಒಂದು ಬಿಟ್ ಏಳುತ್ತದೆ, ಎನ್‌ಎಂಐ (ತಡೆಹಿಡಿಯಲಾಗದ ಇಂಟರಪ್ಟ್) ಬರುತ್ತದೆ. ಹ್ಯಾಂಡ್ಲರ್ ಆ ಬಿಟ್ ಅಳಿಸಿ, ಕೌಂಟರನ್ನು ಮತ್ತೆ ತುಂಬಿಸಿ, ಸ್ಯಾಂಪಲ್ ಬರೆದು, ಇನ್ನೊಮ್ಮೆ ಸ್ಟೇಟಸ್ ನೋಡುತ್ತದೆ. ಬಿಟ್ ಇನ್ನೂ ಇದ್ದರೆ ಮತ್ತೊಂದು ಸುತ್ತು. 100 ಸುತ್ತು ದಾಟಿದರೆ ಎಚ್ಚರಿಕೆ ಕೊಟ್ಟು ಪಿಎಂಯುವನ್ನೇ (ಈ ಕೌಂಟರುಗಳಿರುವ ಘಟಕ) ರೀಸೆಟ್ ಮಾಡುತ್ತದೆ. ಹ್ಯಾಸ್ವೆಲ್‌ನಲ್ಲಿ ಪೀರಿಯಡ್ ತೀರಾ ಚಿಕ್ಕದಾದರೆ ಇಲ್ಲೇ ಸಿಕ್ಕಿಕೊಳ್ಳುತ್ತದೆ.

‘ನಾನು ಅಷ್ಟು ಚಿಕ್ಕ ಪೀರಿಯಡ್ ಕೊಟ್ಟೇ ಇಲ್ಲವಲ್ಲ’ ಅನ್ನಬಹುದು. ಪರ್ಫ್ ರೆಕಾರ್ಡ್ ಸುಮ್ನೆ ಓಡಿಸಿದರೆ ಫ್ರೀಕ್ವೆನ್ಸಿ (ಸೆಕೆಂಡಿಗೆ ಇಷ್ಟು ಸ್ಯಾಂಪಲ್) ಲೆಕ್ಕದಲ್ಲಿ ಓಡುತ್ತದೆ. ಆಗ ಕರ್ನಲ್ ಪೀರಿಯಡ್ 1ರಿಂದ ಶುರು ಮಾಡಿ, ಆಮೇಲೆ ಸರಿಯಾದ ಅಳತೆಗೆ ಏರಿಸುತ್ತದೆ. 2ಕ್ಕಿಂತ ಕಡಿಮೆ ಇದ್ದರೆ 2 ಮಾಡುವ ಹಳೇ ಕಾವಲು ಕೋಡ್‌ನಲ್ಲಿದೆ, ಆದರೆ ಹ್ಯಾಸ್ವೆಲ್‌ಗೆ ಅದು ಸಾಲುವುದಿಲ್ಲ.

ಸದ್ಯಕ್ಕೆ ಕೆಲಸ ಆಗಬೇಕಿದ್ದರೆ ಮೈನಸ್ ಸಿ ಆಪ್ಷನ್ ಕೊಟ್ಟು 1,00,003 ಥರದ ದೊಡ್ಡ ಪೀರಿಯಡ್ ಇಡಿ. ಪೂರ್ತಿ ಪರಿಹಾರ ಅಲ್ಲ. ಟಾಸ್ಕ್ ಬದಲಾಗುವಾಗ ಎಣಿಕೆಗೆ ಇನ್ನು ನಾಲ್ಕೋ ಐದೋ ಬಾಕಿ ಇದ್ದರೆ, ಅದು ಮತ್ತೆ ಓಡಲು ಬಂದಾಗ ಆ ಬಾಕಿಯನ್ನೇ ಕೌಂಟರಿಗೆ ಹಾಕುತ್ತಾರೆ. ಹಾಗಾಗಿ ಇದನ್ನು ಪರ್ಫ್ ಟೂಲ್‌ನಲ್ಲಿ ಸರಿ ಮಾಡಲು ಆಗುವುದಿಲ್ಲ, ಕೌಂಟರಿಗೆ ಬರೆಯುವ ಜಾಗದಲ್ಲೇ ತಡೆಯಬೇಕು.

2024ರಲ್ಲಿ ಮಾಡಿದ್ದೂ ಅದನ್ನೇ. ಹ್ಯಾಸ್ವೆಲ್ ಬಂದಿದ್ದು 2013ರಲ್ಲಿ, ನೋಡಿ ಎಷ್ಟು ವರ್ಷ! ಇಂಟೆಲ್ ಪಿಎಂಯು ಕೋಡ್‌ನಲ್ಲಿ ‘ಲಿಮಿಟ್ ಪೀರಿಯಡ್’ ಅಂತ ಒಂದು ಕಾಲ್‌ಬ್ಯಾಕ್ (ಪೀರಿಯಡ್‌ಗೆ ಮಿತಿ ಹಾಕಲು ಕರೆಯುವ ಫಂಕ್ಷನ್) ಇದೆ. ಹ್ಯಾಸ್ವೆಲ್ ನಂತರದ ಬ್ರಾಡ್‌ವೆಲ್‌ಗೆ ಅದು ಮೊದಲೇ ಇತ್ತು. ಹ್ಯಾಸ್ವೆಲ್‌ಗೂ ಒಂದು ಬರೆದರು: ಮುಗಿದ ಇನ್‌ಸ್ಟ್ರಕ್ಷನ್‌ಗಳನ್ನು ನಿಖರವಾಗಿ (ಪ್ರಿಸೈಸ್) ಎಣಿಸುವ ಈವೆಂಟ್‌ಗೆ ಕನಿಷ್ಠ 128, ಉಳಿದವಕ್ಕೆ 32. ಪ್ಯಾಚ್ ಪುಟ್ಟದು, ಆ 128ರ ಕಾರಣ ಮಾತ್ರ ಪ್ರೊಸೆಸರ್‌ನ ಎರಾಟಾ (ಗೊತ್ತಿರುವ ದೋಷಗಳ) ಪಟ್ಟಿಯಲ್ಲಿ ಕೂತಿತ್ತು. ನನ್ನ ಕೇಳಿದರೆ ಪಿಎಂಯು ಕೋಡ್‌ಗೆ ಕೈ ಹಾಕುವ ಮೊದಲು ಸಿ ಫೈಲ್‌ಗಿಂತ ಆ ಪಟ್ಟಿ ಓದುವುದು ಒಳ್ಳೆಯದು.

ಈ ಬದಲಾವಣೆ ಕರ್ನಲ್ 6.11ರಲ್ಲಿ ಸೇರಿದೆ, ಹಳೇ ಸ್ಟೇಬಲ್ ಸಾಲುಗಳಿಗೂ ಹೋಗಿದೆ. ಹಾಗಾಗಿ ಮೊದಲು ಡಿಸ್ಟ್ರೋ ಕೊಡುವ ಹೊಸ ಕರ್ನಲ್ ಹಾಕಿ ನೋಡಿ. ಸೋರ್ಸ್ ನಿಮ್ಮ ಹತ್ತಿರ ಇದ್ದರೆ ಎಕ್ಸ್86ರ ಈವೆಂಟ್ಸ್ ಫೋಲ್ಡರ್‌ನಲ್ಲಿ ಇಂಟೆಲ್‌ನ ಕೋರ್ ಫೈಲ್ ತೆಗೆದು, ಹ್ಯಾಸ್ವೆಲ್ ಹೆಸರಿನ ಲಿಮಿಟ್ ಪೀರಿಯಡ್ ಫಂಕ್ಷನ್ ಇದೆಯಾ ಅಂತ ಹುಡುಕಿ.

ಅದಿದ್ದೂ ಎಚ್ಚರಿಕೆ ಬಂದರೆ ಅದರ ಕೆಳಗಿನ ಡಂಪ್ (ರಿಜಿಸ್ಟರ್ ಬೆಲೆಗಳ ಪಟ್ಟಿ) ಎತ್ತಿಟ್ಟುಕೊಳ್ಳಿ. ಒಂದು ಬೂಟ್‌ಗೆ ಒಂದೇ ಸಲ ಬರುತ್ತದೆ, ಲಾಗ್ ಉರುಳಿ ಹೋದರೆ ಸಿಗುವುದಿಲ್ಲ. ಅದರಲ್ಲಿ ‘ಸ್ಟೇಟಸ್’ ಸಾಲು ನೋಡಿ. ಕೆಳಗಿನ ಬಿಟ್‌ಗಳು ಸಾಮಾನ್ಯ ಕೌಂಟರುಗಳದ್ದು. 32ನೇ ಬಿಟ್ ಇನ್‌ಸ್ಟ್ರಕ್ಷನ್, 33 ಸೈಕಲ್, 34 ರೆಫರೆನ್ಸ್ ಸೈಕಲ್. ಸಾಮಾನ್ಯ ಕೌಂಟರ್ ಆಗಿದ್ದರೆ ಅದರ ‘ಲೆಫ್ಟ್’ (ಬಾಕಿ) ಬೆಲೆಯೂ ಅಲ್ಲೇ ಇರುತ್ತದೆ. ಸಿಕ್ಕಿಕೊಂಡಿರುವುದು ಯಾವುದು, ಎಷ್ಟರಲ್ಲಿ ಅನ್ನುವುದಕ್ಕೆ ಅಲ್ಲಿ ಸುಳಿವು ಸಿಗಬಹುದು. ಆ ಡಂಪ್, ಕರ್ನಲ್ ಆವೃತ್ತಿ, ನೀವು ಓಡಿಸಿದ ಪೂರ್ತಿ ಕಮಾಂಡ್ ಮೂರನ್ನೂ ಇಲ್ಲೇ ಹಾಕಿ. ವರ್ಚುವಲ್ ಮಷೀನ್ ಒಳಗೆ ಓಡಿಸಿದ್ದರೆ ಅದನ್ನೂ ಹೇಳಿ, ಆಗ ಹುಡುಕುವ ಜಾಗವೇ ಬೇರೆ.