ಯುವ ನಾಯಕರಿಗೆ ಪ್ಲ್ಯಾನಿಂಗ್ ಕಲಿಸುವುದು: ಚಾರ್ಟಿಗಿಂತ ಮೊದಲು ಚೀಟಿ

ಸ್ವಯಂಸೇವಕ ಯುವ ನಾಯಕರಿಗೆ ಅರ್ಧ ದಿನದ ತರಬೇತಿ ಇದೆ, ಗ್ಯಾಂಟ್ ಚಾರ್ಟಿನಿಂದಲೇ (ಯಾವ ಕೆಲಸ ಯಾವ ವಾರ ಅಂತ ಪಟ್ಟಿಗಳಲ್ಲಿ ತೋರಿಸುವ ನಕ್ಷೆ) ಶುರು ಮಾಡಬೇಕಾ ಅಂತ ಕೇಳಿದ್ದೀರಿ. ಬೇಡ. ಸ್ಲೈಡ್ ಹಾಕಿ ವಿವರಿಸಿದರೆ ಎಲ್ಲರೂ ಸುಮ್ನೆ ತಲೆಯಾಡಿಸುತ್ತಾರೆ, ಅಷ್ಟೇ. ಅವರು ಮುಂದೆ ನಿಜವಾಗಿ ಮಾಡಲಿರುವ ಕೆಲಸವನ್ನೇ ಎತ್ತಿಕೊಳ್ಳಿ. ಮಕ್ಕಳ ಒಂದು ದಿನದ ಕ್ರೀಡಾಕೂಟ ಅಂತಿಟ್ಟುಕೊಳ್ಳೋಣ.

ಮೊದಲ ಪ್ರಶ್ನೆ: ಕೆಲಸ ಸರಿಯಾಗಿ ಮುಗಿಯಿತು ಅಂತ ಹೇಗೆ ಗೊತ್ತಾಗಬೇಕು? "ಮಕ್ಕಳಲ್ಲಿ ಆಟದ ಆಸಕ್ತಿ ಬೆಳೆಸಬೇಕು" ಅನ್ನುತ್ತಾರೆ. ಒಳ್ಳೆಯ ಆಸೆಯೇ, ಆದರೆ ಅದಕ್ಕೆ ದಿನಾಂಕ ಹಾಕೋಕಾಗಲ್ಲ. "ಇಂಥ ದಿನ, 60 ಮಕ್ಕಳು, 5 ಆಟ, ಸಂಜೆ ಹೊರಡುವಾಗ ಪ್ರತಿ ಮಗುವಿನ ಕೈಯಲ್ಲೂ ಹೆಸರು ಬರೆದ ಪ್ರಮಾಣಪತ್ರ" ಅನ್ನುವವರೆಗೂ ಬಿಡಬೇಡಿ.

ಆಮೇಲೆ ಚೀಟಿ ಹಂಚಿ. ಒಂದು ಚೀಟಿಗೆ ಒಂದೇ ಕೆಲಸ. "ಪೋಸ್ಟರ್" ಅಂತಷ್ಟೇ ಬರೆದಿದ್ದರೆ ವಾಪಸ್ ಕೊಡಿ. ವಿಷಯ ಬರೆಯುವುದು, ವಿನ್ಯಾಸ ಮಾಡುವುದು, ತಪ್ಪು ನೋಡುವುದು, ಪ್ರಿಂಟ್ ಹಾಕಿಸುವುದು, ಅಂಟಿಸುವುದು ಅಂತ ಅದರಲ್ಲೇ ಐದು ಚೀಟಿ ಇದೆ.

ಈಗ ಚೀಟಿಗಳನ್ನು ಗೋಡೆಗೆ ಅಂಟಿಸಲಿ, ಆದರೆ ಕೊನೆಯಿಂದ ಹಿಂದಕ್ಕೆ. ಜಾಸ್ತಿ ಸಮಯ ಇದಕ್ಕೇ ಇಡಿ. ಸಂಜೆ ಪ್ರಮಾಣಪತ್ರ ಕೊಡಬೇಕಾದರೆ ಹಿಂದಿನ ದಿನವೇ ಪ್ರಿಂಟ್ ಆಗಿರಬೇಕು. ಪ್ರಿಂಟಿಗೆ ಹೆಸರಿನ ಪಟ್ಟಿ ಬೇಕು. ಪಟ್ಟಿಗೆ ನೋಂದಣಿ ಮುಗಿದಿರಬೇಕು. ನೋಂದಣಿಯ ಕೊನೆ ದಿನ ಪೋಸ್ಟರಿನಲ್ಲಿ ಇರಬೇಕು. ಪೋಸ್ಟರಿನಲ್ಲಿ ಜಾಗದ ಹೆಸರು ಹಾಕಬೇಕಾದರೆ ಮೈದಾನದ ಅನುಮತಿ ಸಿಕ್ಕಿರಬೇಕು, ಅಲ್ವಾ? ಪ್ರಮಾಣಪತ್ರದಿಂದ ಹೊರಟವರು ಮೈದಾನದ ಅನುಮತಿಗೆ ಬಂದು ನಿಲ್ಲುತ್ತಾರೆ. ನಾಳೆ ಬೆಳಿಗ್ಗೆ ಯಾವ ಕೆಲಸಕ್ಕೆ ಹೋಗಬೇಕು ಅಂತ ಆಗ ಯಾರೂ ಹೇಳಿಕೊಡಬೇಕಿಲ್ಲ. ಈ ಸಾಲಿನಲ್ಲಿ ಒಂದು ದಿನ ತಡವಾದರೆ ಮುಂದಿನದೆಲ್ಲ ತಡ. ಅಲಂಕಾರದ ಸಾಮಾನು ಎರಡು ದಿನ ತಡವಾಗಿ ಬಂದರೂ ನಡೆಯುತ್ತದೆ. ತಡವಾಗಲೇಬಾರದ ಆ ಸಾಲಿಗೆ ಕ್ರಿಟಿಕಲ್ ಪಾತ್ ಅನ್ನುತ್ತಾರೆ, 1950ರ ದಶಕದ ಕೊನೆಯಲ್ಲಿ ದೊಡ್ಡ ಕಾರ್ಖಾನೆಗಳ ಕೆಲಸಕ್ಕಾಗಿ ಹುಟ್ಟಿದ ವಿಧಾನ ಅಂತ ಈಗ ಹೇಳಿ. ಅದೇ ಗೋಡೆಯ ಮೇಲೆ ವಾರಗಳ ಗೆರೆ ಎಳೆದರೆ ಗ್ಯಾಂಟ್ ಚಾರ್ಟೂ ಆಯಿತು.

ಪ್ರತಿ ಚೀಟಿಗೂ ಒಬ್ಬರದೇ ಹೆಸರು. ಸಹಾಯಕ್ಕೆ ನಾಲ್ಕು ಜನ ಬರಲಿ, ಕೇಳಿದಾಗ ಉತ್ತರ ಕೊಡುವವರು ಒಬ್ಬರೇ ಇರಲಿ. ದಿನಾಂಕ ಹಾಕುವ ಮೊದಲು "ವಾರಕ್ಕೆ ನಿನಗೆ ಎಷ್ಟು ಗಂಟೆ ಬಿಡುವಿದೆ? ಪರೀಕ್ಷೆ ಯಾವಾಗ?" ಅಂತ ಕೇಳಿ. ಇವರಿಗೆ ಸಂಬಳ ಇಲ್ಲ, ಓದು ಅಥವಾ ನೌಕರಿಯ ಮಧ್ಯೆ ಬಿಡುವು ಮಾಡಿಕೊಂಡು ಬರುವವರು. ಅದನ್ನು ಗೌರವಿಸದ ಪ್ಲ್ಯಾನ್ ನಿಲ್ಲುವುದಿಲ್ಲ. ಕೆಲಸಕ್ಕೆ ಹಿಡಿಯುವ ಸಮಯವನ್ನು ನಾವೆಲ್ಲ ಕಡಿಮೆ ಅಂದಾಜು ಮಾಡುತ್ತೇವೆ ಅಂತ ಮನಶ್ಶಾಸ್ತ್ರಜ್ಞರಾದ ಕಾನೆಮನ್ ಮತ್ತು ಟ್ವರ್ಸ್ಕಿ 1979ರಲ್ಲೇ ಬರೆದಿದ್ದರು. ಹಾಗಾಗಿ "ಎಷ್ಟು ದಿನ ಬೇಕು" ಅನ್ನುವುದಕ್ಕಿಂತ "ಹೋದ ಸಲ ಎಷ್ಟು ದಿನ ಹಿಡಿಯಿತು" ಅಂತ ಕೇಳುವುದು ಮೇಲು.

ಖರ್ಚನ್ನು ಚೀಟಿಯ ಮೂಲೆಯಲ್ಲೇ ಬರೆಸಿ, ಕೂಡಿದರೆ ಬಜೆಟ್.

ಕೊನೆಯ ಅರ್ಧ ಗಂಟೆಯಲ್ಲಿ "ಕ್ರೀಡಾಕೂಟ ಪೂರ್ತಿ ಕೆಟ್ಟುಹೋಯಿತು ಅಂದುಕೊಳ್ಳಿ, ಯಾಕೆ ಕೆಟ್ಟಿತು?" ಅಂತ ಒಬ್ಬೊಬ್ಬರೇ ಬರೆಯಲಿ. ಮಳೆ ಬಂತು, ಮೈಕ್ ಕೈಕೊಟ್ಟಿತು, ಪ್ರಥಮ ಚಿಕಿತ್ಸೆ ಪೆಟ್ಟಿಗೆ ಇರಲಿಲ್ಲ. ಮಾತಾಡದೆ ಕೂತವರೂ ಇಲ್ಲಿ ಬರೆಯುತ್ತಾರೆ. ಒಂದೊಂದು ಕಾರಣಕ್ಕೂ ಹೊಸ ಚೀಟಿ ಹಚ್ಚಿಸಿ.

ಒಂದು ವಿನಂತಿ. ಚೀಟಿ ತಪ್ಪು ಜಾಗದಲ್ಲಿದ್ದರೂ ನೀವು ಕೈ ಹಾಕಿ ಸರಿಸಬೇಡಿ. "ಇದಕ್ಕಿಂತ ಮೊದಲು ಏನಾಗಿರಬೇಕು?" ಅಂತಷ್ಟೇ ಕೇಳಿ, ಅವರೇ ಸರಿಸಲಿ.